ಬೆಳೆದ ಮಗನಿಗೆ ಮನೆಯ ನಿಯಮ: ನಿಮ್ಮ ಕೈಯಲ್ಲಿರುವುದು ಯಾವುದು?

ಪ್ರಶ್ನೆ: ಬಾಗಲಕೋಟೆಯ ಪೇಟೆಯಲ್ಲಿ ಇಳಕಲ್ ಸೀರೆ ಮತ್ತು ಗುಳೇದಗುಡ್ಡದ ಖಣಗಳ ಸಣ್ಣ ಅಂಗಡಿ ನನ್ನದು, ಮನೆ ನವನಗರದಲ್ಲಿದೆ. ಹಿರಿಯ ಮಗಳ ಮದುವೆಯಾಗಿದೆ. ಮಗನಿಗೆ 22 ವರ್ಷ. ಕಳೆದ ವರ್ಷ ಬಿ.ಕಾಂ. ಮುಗಿಸಿ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ ಎಂದು ಹೇಳುತ್ತ ಮನೆಯಲ್ಲಿದ್ದಾನೆ. ರಾತ್ರಿ ಎರಡು ಗಂಟೆಯವರೆಗೆ ಮೊಬೈಲ್ ನೋಡಿ ಬೆಳಿಗ್ಗೆ ಹನ್ನೊಂದಕ್ಕೆ ಏಳುತ್ತಾನೆ. ಅಂಗಡಿಗೆ ಬಾ ಎಂದರೆ ‘ನಾಳೆಯಿಂದ ಬರತೀನಿ’ ಎನ್ನುತ್ತಾನೆ. ನನ್ನ ಹೆಸರಿನಲ್ಲಿರುವ ಗಾಡಿ ಅವನ ಕೈಯಲ್ಲಿಯೇ ಇರುತ್ತದೆ, ಎರಡು ಸಲ ಕುಡಿದು ಬಂದದ್ದು ನನಗೆ ಗೊತ್ತಾಗಿದೆ. ಅಂಗಡಿಯ ಗಲ್ಲಾದಲ್ಲಿ ಹಣ ಕಡಿಮೆಯಾಗತೊಡಗಿದೆ, ಇತ್ತೀಚೆಗೆ ಸಾಲದ ಆ್ಯಪಿನವರು ನನ್ನ ಹೆಂಡತಿಯ ಮೊಬೈಲಿಗೆ ಕರೆ ಮಾಡಿ ಹೊಲಸು ಮಾತನಾಡಿದರು. ಒಮ್ಮೆ ಸಿಟ್ಟಿನಲ್ಲಿ ‘ಮನಿ ಬಿಟ್ಟು ನಡಿ’ ಎಂದುಬಿಟ್ಟೆ. ಅವನು ಹುಬ್ಬಳ್ಳಿಯ ಗೆಳೆಯನ ಕೋಣೆಗೆ ಹೋದ, ಇವಳು ಊಟ ಬಿಟ್ಟಳು, ಕೊನೆಗೆ ನಾನೇ ಹೋಗಿ ಕರೆತಂದೆ. ನಾನು ಹಣ ನಿಲ್ಲಿಸಿದರೆ ಅವನ ತಾಯಿ ಕೊಡುತ್ತಾಳೆ, ಅವಳು ನಿಲ್ಲಿಸಿದರೆ ನನ್ನ ತಾಯಿ ತನ್ನ ಪಿಂಚಣಿಯಿಂದ ಕೊಡುತ್ತಾಳೆ. ಬೀಗರು ‘ಒಂದು ಮದುವಿ ಮಾಡ್ರಿ, ತಾನ ದಾರಿಗೆ ಬರತಾನ’ ಎನ್ನುತ್ತಾರೆ. ಇಷ್ಟು ದೊಡ್ಡ ಮಗನಿಗೆ ಯಾವ ನಿಯಮ ಹಾಕಬೇಕು, ಅವನು ಮೀರಿದರೆ ಏನು ಮಾಡಬೇಕು, ಮನೆಯಿಂದ ಕಳುಹಿಸಲು ಕಾನೂನು ಒಪ್ಪುತ್ತದೆಯೇ ಎಂದು ತಿಳಿಸಬೇಕು.
ಹೆಸರು ಬೇಡ, ಬಾಗಲಕೋಟೆ

ಉತ್ತರ: ನಿಮ್ಮ ಪತ್ರದಲ್ಲಿ ನಿಯಮಗಳಿಗಿಂತ ಮೊದಲು ನೋಡಬೇಕಾದ ಸಂಗತಿಯೊಂದಿದೆ. ರಾತ್ರಿಯಿಡೀ ಎಚ್ಚರವಿರುವುದು, ಹಗಲು ಮಲಗುವುದು, ಹೇಳಿದ ಕೆಲಸವನ್ನು ದಿನ ದಿನವೂ ಮುಂದೂಡುವುದು, ಕುಡಿತ, ಮುಚ್ಚಿಟ್ಟ ಸಾಲ, ಇವು ಸೋಮಾರಿತನದ ಲಕ್ಷಣಗಳಾಗಿರಬಹುದು, ಖಿನ್ನತೆಯ ಅಥವಾ ಚಟದ ಲಕ್ಷಣಗಳೂ ಆಗಿರಬಹುದು. ಅವನು ಮೊದಲಿಗಿಂತ ಮಂಕಾಗಿದ್ದಾನೆಯೇ, ಗೆಳೆಯರನ್ನೂ ಊಟವನ್ನೂ ಬಿಟ್ಟಿದ್ದಾನೆಯೇ, ಬದುಕಿ ಏನು ಪ್ರಯೋಜನ ಎಂಬರ್ಥದ ಮಾತು ಬರುತ್ತದೆಯೇ ಎಂಬುದನ್ನು ನೀವಿಬ್ಬರೂ ಕುಳಿತು ಪ್ರಾಮಾಣಿಕವಾಗಿ ನೆನಪಿಸಿಕೊಳ್ಳಿ. ಹೌದು ಎನಿಸಿದರೆ ಶಿಸ್ತಿನ ಮಾತನ್ನು ಬದಿಗಿಟ್ಟು ವೈದ್ಯರ ಬಳಿಗೆ ಹೋಗಬೇಕು. ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು, ಶುಲ್ಕವಿಲ್ಲ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ನಿಮಗೆ ದೂರವಲ್ಲ. ಸಾಲದ ಆ್ಯಪಿನವರ ಬೆದರಿಕೆಗೆ ಸಿಕ್ಕ ಹುಡುಗರು ನಾಚಿಕೆಯಿಂದ ಜೀವಕ್ಕೇ ಅಪಾಯ ತಂದುಕೊಂಡ ಸುದ್ದಿಗಳನ್ನು ನಾವು ಓದುತ್ತಲೇ ಇದ್ದೇವೆ. ಆದ್ದರಿಂದ ಈ ಒಂದು ವಿಷಯದಲ್ಲಿ ತಡ ಮಾಡಬೇಡಿ.

ಇನ್ನು ನಿಯಮಗಳ ವಿಷಯ. ಹತ್ತು ವರ್ಷದ ಮಗನಿಗೆ ‘ಹೀಗೆ ಮಾಡು’ ಎಂದು ಹೇಳಿ ಮಾಡಿಸುವ ಶಕ್ತಿ ತಂದೆಗಿರುತ್ತದೆ. 22 ವರ್ಷದವನ ಮೇಲೆ ಆ ಶಕ್ತಿ ಇರುವುದಿಲ್ಲ. 1875ರ ಪ್ರಾಪ್ತವಯಸ್ಕತೆಯ ಕಾಯ್ದೆಯ ಪ್ರಕಾರ 18 ತುಂಬಿದವನು ಸ್ವತಂತ್ರ ವ್ಯಕ್ತಿ. ಎಬ್ಬಿಸಿ ಕೂರಿಸಬಹುದು, ಓದಿಸಲಾಗುವುದಿಲ್ಲ. ಆದರೆ ನಿಮ್ಮ ಹಣ, ನಿಮ್ಮ ಗಾಡಿ, ನಿಮ್ಮ ಅಂಗಡಿಯ ಕೀಲಿ, ನಿಮ್ಮ ಹೆಂಡತಿಯ ದುಡಿಮೆ, ಇವು ಯಾವ ಹೊತ್ತಿಗೆ ಯಾರಿಗೆ ಎಷ್ಟು ಸಲ್ಲಬೇಕೆಂಬುದು ಪೂರ್ತಿಯಾಗಿ ನಿಮ್ಮಿಬ್ಬರ ಕೈಯಲ್ಲಿದೆ. ಬೆಳೆದ ಮಕ್ಕಳ ವಿಷಯದಲ್ಲಿ ನಿಲ್ಲುವ ನಿಯಮವೆಂದರೆ ಅವರು ಏನು ಮಾಡಬೇಕೆಂದು ಹೇಳುವ ನಿಯಮವಲ್ಲ. ನಾವು ಏನು ಮಾಡುತ್ತೇವೆ, ಏನು ಮಾಡುವುದಿಲ್ಲ ಎಂದು ಹೇಳಿ, ಹೇಳಿದಂತೆ ನಡೆಯುವ ನಿಯಮ. ‘ಹನ್ನೊಂದರವರೆಗೆ ಮಲಗಬೇಡ’ ಎಂಬ ಮಾತನ್ನು ಅವನು ದಿನವೂ ಮುರಿಯಬಲ್ಲ, ನೀವು ದಿನವೂ ಸೋಲುತ್ತೀರಿ. ‘ನಾಷ್ಟಾ ಒಂಬತ್ತಕ್ಕೆ ಮುಗಿಯುತ್ತದೆ, ಆಮೇಲೆ ಎದ್ದವರು ತಾವೇ ಮಾಡಿಕೊಂಡು ಪಾತ್ರೆ ತೊಳೆದಿಡಬೇಕು, ಅವ್ವ ಮತ್ತೆ ಒಲೆ ಹಚ್ಚುವುದಿಲ್ಲ’ ಎಂಬುದನ್ನು ಮುರಿಯುವ ಶಕ್ತಿ ಅವನಿಗಿಲ್ಲ, ಏಕೆಂದರೆ ಅದನ್ನು ಪಾಲಿಸಬೇಕಾದವರು ನೀವು.

ಈ ದೃಷ್ಟಿಯಿಂದ ನೋಡಿದರೆ ಅನೇಕ ಜಗಳಗಳು ತಾವಾಗಿಯೇ ಬಿದ್ದುಹೋಗುತ್ತವೆ. ಅವನ ಕೂದಲು, ಗಡ್ಡ, ಗೆಳೆಯರು, ಯಾವ ಪರೀಕ್ಷೆ ಬರೆಯುತ್ತಾನೆ ಎಂಬ ಆಯ್ಕೆ, ಇವುಗಳಿಗೆ ನಿಯಮ ಮಾಡಲು ಹೋಗಬೇಡಿ. ಅಭಿಪ್ರಾಯ ಹೇಳಿ, ಬಿಟ್ಟುಬಿಡಿ. ನಿಮ್ಮ ಶಕ್ತಿಯನ್ನೆಲ್ಲ ಗಾಡಿ, ಹಣ, ಸಾಲ ಮತ್ತು ಮನೆಯಲ್ಲಿ ಇತರರಿಗೆ ಆಗುವ ತೊಂದರೆ, ಇಷ್ಟರ ಮೇಲೆಯೇ ಇಡಿ.

ಗಾಡಿಯ ವಿಷಯದಲ್ಲಿ ಸ್ವಲ್ಪವೂ ಮೆದುವಾಗಬೇಡಿ. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದು ವಾಹನ ಓಡಿಸಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, 6 ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ದಂಡಕ್ಕಿಂತ ದೊಡ್ಡದು, ರಾತ್ರಿ ರಾಯಚೂರು ರಸ್ತೆಯಲ್ಲೋ ಬೀಳಗಿ ರಸ್ತೆಯಲ್ಲೋ ದೀಪವಿಲ್ಲದೆ ನಿಂತ ಕಬ್ಬಿನ ಟ್ರ್ಯಾಕ್ಟರ್. ಅವನು ಸಾಯಬಹುದು, ಇನ್ನೊಬ್ಬರ ಮಗನನ್ನು ಕೊಲ್ಲಬಹುದು, ಆಗ ಗಾಡಿಯ ಮಾಲೀಕರಾಗಿ ನೀವೂ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ. ಕುಡಿದು ಓಡಿಸಿದ್ದು ತಿಳಿದ ದಿನವೇ ಕೀಲಿ ನಿಮ್ಮ ಕೈಗೆ ಬರಬೇಕು ಮತ್ತು ಎಷ್ಟು ಕಾಲ ಎಂಬುದು ಮೊದಲೇ ಹೇಳಿದಂತೆ ನಡೆಯಬೇಕು. ಮೂರು ತಿಂಗಳೆಂದರೆ ಮೂರು ತಿಂಗಳು, ನಡುವೆ ಗೆಳೆಯನ ಮದುವೆ ಬಂದರೂ ಸರಿ. ಆದರೆ ಅದೇ ನಿಯಮದೊಳಗೆ ಇನ್ನೊಂದು ಮಾತೂ ಇರಲಿ: ಎಲ್ಲಿಯಾದರೂ ಕುಡಿದಿದ್ದರೆ ಫೋನ್ ಮಾಡು, ಎಷ್ಟು ರಾತ್ರಿಯಾದರೂ ಬಂದು ಕರೆತರುತ್ತೇನೆ, ಆ ರಾತ್ರಿ ಒಂದು ಮಾತೂ ಆಡುವುದಿಲ್ಲ. ಹೇಳಿದ ಮೇಲೆ ಆ ಮಾತನ್ನು ನೀವೂ ಉಳಿಸಿಕೊಳ್ಳಬೇಕು.

ಗಲ್ಲಾದ ಕೀಲಿಯನ್ನು ಇಂದೇ ಬದಲಾಯಿಸಿ. ‘ನೀನೇ ತೆಗೆದೆಯಾ’ ಎಂಬ ವಿಚಾರಣೆಯಿಂದ ಸುಳ್ಳುಗಳು ಹೆಚ್ಚುತ್ತವೆಯೇ ಹೊರತು ಹಣ ಬರುವುದಿಲ್ಲ. ಲೆಕ್ಕ ತಪ್ಪುತ್ತಿದೆ, ಇನ್ನು ಮುಂದೆ ಗಲ್ಲಾ ನಾನೊಬ್ಬನೇ ತೆರೆಯುತ್ತೇನೆ, ಯುಪಿಐ ಹಣವೂ ನನ್ನ ಖಾತೆಗೇ ಬರುತ್ತದೆ ಎಂದಷ್ಟೇ ಹೇಳಿದರೆ ಸಾಕು. ಸಾಲದ ವಿಷಯ ಇದಕ್ಕಿಂತ ಕಠಿಣ. ಪ್ರಾಪ್ತವಯಸ್ಕ ಮಗ ತನ್ನ ಹೆಸರಿನಲ್ಲಿ ಮಾಡಿದ ಸಾಲಕ್ಕೆ, ನೀವು ಜಾಮೀನು ನಿಂತಿರದಿದ್ದರೆ, ನೀವು ಹೊಣೆಗಾರರಲ್ಲ. ಸಾಲದ ಆ್ಯಪುಗಳು ಸಾಲಗಾರನ ಮೊಬೈಲಿನ ಸಂಪರ್ಕಪಟ್ಟಿಗೆ ಕೈಹಾಕಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. ನಿಮ್ಮ ಹೆಂಡತಿಗೆ ಬಂದ ಕರೆಯ ದಿನಾಂಕ, ಸಂಖ್ಯೆ, ಸಂದೇಶಗಳನ್ನು ಉಳಿಸಿಕೊಂಡು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಿಳಿಸಿ, ಠಾಣೆಯಲ್ಲಿ ದೂರು ಕೊಡಿ. ಮರ್ಯಾದೆಗೆ ಅಂಜಿ ಗುಟ್ಟಾಗಿ ಹಣ ಕಟ್ಟಿಬಿಡುವುದೇ ಬಹುತೇಕ ಮನೆಗಳಲ್ಲಿ ನಡೆಯುತ್ತದೆ, ಮುಂದಿನ ಸಾಲಕ್ಕೆ ದಾರಿ ತೆರೆಯುವುದೂ ಅದೇ. ಯಾವ ಆ್ಯಪಿನಿಂದ ಎಷ್ಟು, ಯಾವ ಗೆಳೆಯನಿಂದ ಎಷ್ಟು, ಏತಕ್ಕಾಗಿ ಎಂಬುದನ್ನು ಅವನು ಒಂದೂ ಬಿಡದೆ ಬರೆದು ಕೊಟ್ಟರೆ ತೀರಿಸುವ ದಾರಿಯನ್ನು ಕೂಡಿ ಹುಡುಕೋಣ ಎಂದು ಹೇಳಿ. ಆ ಹಣ ಆನ್‌ಲೈನ್ ಆಟದ ಪಣಕ್ಕೆ ಹೋಗಿದ್ದರೆ ಇನ್ನೂ ಎಚ್ಚರ ಬೇಕು. ಹಣ ಕಟ್ಟಿ ಆಡುವ ಇಂಥ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ಮಾಡಿ ನಿಷೇಧಿಸಿದ್ದರೂ ಕಾಯ್ದೆಯಿಂದ ಚಟ ಬಿಟ್ಟುಹೋಗುವುದಿಲ್ಲ, ಅದಕ್ಕೆ ಚಿಕಿತ್ಸೆಯೇ ಬೇಕು.

ಕೈಖರ್ಚಿನ ಬಗ್ಗೆ ಹೇಳುವುದಾದರೆ, ಕೇಳಿದಾಗಲೆಲ್ಲ ಕೊಡುವುದಕ್ಕಿಂತ ತಿಂಗಳಿಗೆ ಒಂದು ಮೊತ್ತವನ್ನು ನಿಗದಿ ಮಾಡಿ, ಅದು ಯಾವ ತಿಂಗಳಿನಿಂದ ಅರ್ಧವಾಗುತ್ತದೆ, ಯಾವ ತಿಂಗಳಿಗೆ ನಿಲ್ಲುತ್ತದೆ ಎಂದು ಮೊದಲೇ ತಿಳಿಸುವುದು ಉತ್ತಮ. ಅಂಗಡಿಗೆ ಬಂದು ಕುಳಿತರೆ ಹೊರಗಿನ ಕೆಲಸದವನಿಗೆ ಕೊಡುವಷ್ಟೇ ಕೂಲಿ ಕೊಡಿ. ಮಗನೆಂದು ಬಿಟ್ಟಿಯಾಗಿ ದುಡಿಸಬೇಡಿ, ಮಗನೆಂದು ಹೆಚ್ಚೂ ಕೊಡಬೇಡಿ. ಪದವಿ ಪಡೆದು 180 ದಿನಗಳಾದರೂ ಕೆಲಸ ಸಿಗದವರಿಗೆ ರಾಜ್ಯ ಸರ್ಕಾರದ ಯುವನಿಧಿ ಯೋಜನೆಯಲ್ಲಿ ತಿಂಗಳಿಗೆ 3,000 ರೂಪಾಯಿ ಗರಿಷ್ಠ ಎರಡು ವರ್ಷ ಸಿಗುತ್ತದೆ. ಅವನು ಅರ್ಹನಿದ್ದರೆ ಸೇವಾಸಿಂಧುವಿನಲ್ಲಿ ಅರ್ಜಿಯನ್ನು ಅವನೇ ಹಾಕಲಿ, ಪೆಟ್ರೋಲು, ರಿಚಾರ್ಜು, ಪರೀಕ್ಷೆಯ ಅರ್ಜಿಶುಲ್ಕ ಅದರಲ್ಲಿಯೇ ನಡೆಯಲಿ. ಪರೀಕ್ಷೆಗೆ ಓದುವುದಕ್ಕೂ ಒಂದು ಗಡುವು ಬೇಕು. ಎಷ್ಟು ಕಾಲ ಬೇಕೆಂದು ಅವನನ್ನೇ ಕೇಳಿ. ಅವನು ಹೇಳಿದ ಅವಧಿ ಯುಕ್ತವಾಗಿದ್ದರೆ ಒಪ್ಪಿಕೊಂಡು, ಆ ತಾರೀಖಿನ ನಂತರ ಯಾವುದಾದರೂ ಕೆಲಸ ಹಿಡಿಯಬೇಕು, ಓದನ್ನು ಅದರ ಜೊತೆಗೆ ಮುಂದುವರಿಸಬಹುದು ಎಂದು ತೀರ್ಮಾನಿಸಿ. ನಮ್ಮ ಭಾಗದ ಸಾವಿರಾರು ಮನೆಗಳಲ್ಲಿ ‘ಪರೀಕ್ಷೆಗೆ ಓದುತ್ತಿದ್ದಾನೆ’ ಎಂಬ ಮಾತು ಐದಾರು ವರ್ಷ ಹೀಗೆಯೇ ಮುಂದುವರಿದು, ಹುಡುಗನ ವಯಸ್ಸೂ ಆತ್ಮವಿಶ್ವಾಸವೂ ಒಟ್ಟಿಗೇ ಕರಗುವುದನ್ನು ನೋಡಿ ನನಗೆ ಸಂಕಟವಾಗಿದೆ. ಹುಡುಗರ ಮೇಲೆ ಕರುಣೆ ಇರುವುದರಿಂದಲೇ ಗಡುವು ಬೇಕೆನ್ನುತ್ತೇನೆ.

ನೀವು ಬರೆದುದರಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಸಾಲು ಹಣದ್ದಲ್ಲ, ನೀವು ನಿಲ್ಲಿಸಿದರೆ ತಾಯಿ, ತಾಯಿ ನಿಲ್ಲಿಸಿದರೆ ಅಜ್ಜಿ ಎಂಬುದು. ಒಂದು ತೂತು ಮುಚ್ಚಿದರೆ ಇನ್ನೊಂದರಿಂದ ನೀರು ಹರಿಯುವ ಕಾಲುವೆಯಂತಾಗಿದೆ ಮನೆ. ಹೀಗಿರುವಾಗ ಎಷ್ಟು ಒಳ್ಳೆಯ ನಿಯಮವಾದರೂ ನಿಲ್ಲುವುದಿಲ್ಲ, ಜೊತೆಗೆ ನೀವೊಬ್ಬರೇ ಕೆಟ್ಟವರಾಗುತ್ತೀರಿ. ಮಗನೊಂದಿಗೆ ಮಾತನಾಡುವ ಮೊದಲು ಹೆಂಡತಿಯೊಂದಿಗೆ ಮಾತನಾಡಿ, ಮತ್ತು ಅವರು ಹೇಳುವುದನ್ನು ಕೇಳುವುದಕ್ಕಾಗಿ ಮಾತನಾಡಿ. ತಾಯಿ ಗುಟ್ಟಾಗಿ ಕೊಡುವುದು ಸಾಮಾನ್ಯವಾಗಿ ಮಗನನ್ನು ಕೆಡಿಸಲಿಕ್ಕಲ್ಲ. ತಂದೆಯ ಸಿಟ್ಟಿನಿಂದ ಅವನನ್ನು ಉಳಿಸಲಿಕ್ಕೆ, ಅವನು ಮತ್ತೆ ಮನೆ ಬಿಟ್ಟು ಹೋದಾನೆಂಬ ಅಂಜಿಕೆಗೆ. ನಿಮ್ಮ ಸಿಟ್ಟು ತಗ್ಗುತ್ತದೆಂಬ ಭರವಸೆ ಅವರಿಗೆ ಬಂದಷ್ಟೂ ಅವರ ಕೈ ಗಟ್ಟಿಯಾಗುತ್ತದೆ. ಇಬ್ಬರಿಗೂ ಒಪ್ಪಿಗೆಯಾದ ಎರಡೇ ನಿಯಮಗಳಿದ್ದರೂ ಸಾಕು, ನಿಮಗೊಬ್ಬರಿಗೇ ಒಪ್ಪಿಗೆಯಾದ ಹತ್ತು ಬೇಡ. ನಿಮ್ಮ ತಾಯಿಗೆ ‘ಮೊಮ್ಮಗನಿಗೆ ಕೊಡಬೇಡ’ ಎಂದು ಅಪ್ಪಣೆ ಮಾಡಬೇಡಿ, ಆ ಹಣ ಅವರದು. ಸಾಲದ ವಿಷಯವನ್ನು ಅವರಿಗೆ ಮುಚ್ಚಿಡದೆ ತಿಳಿಸಿ, ‘ಅವ್ವಾ, ಕೊಡೂದಿದ್ರ ನನಗ ಒಂದ್ ಮಾತ್ ಹೇಳಿ ಕೊಡು’ ಎಂದು ಕೇಳಿಕೊಳ್ಳಿ. ಮೊಮ್ಮಗ ಯಾವ ಕುಣಿಕೆಗೆ ಸಿಕ್ಕಿದ್ದಾನೆಂದು ತಿಳಿದ ಅಜ್ಜಿ ಹಣದ ಬದಲು ತಲೆ ನೇವರಿಸಿ ಬುದ್ಧಿ ಹೇಳುತ್ತಾರೆ, ಆ ಮಾತು ನಿಮ್ಮ ಮಾತಿಗಿಂತ ಆಳಕ್ಕೆ ಇಳಿಯುತ್ತದೆ.

ಟೆಲ್ ಅವೀವ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಹಯಿಮ್ ಓಮರ್ ಅವರು ಮನೆಯಲ್ಲಿಯೇ ಕುಳಿತುಬಿಟ್ಟ ಬೆಳೆದ ಮಕ್ಕಳ ತಂದೆ ತಾಯಿಯರಿಗಾಗಿ ಒಂದು ವಿಧಾನವನ್ನು ರೂಪಿಸಿದ್ದಾರೆ. ಅದಕ್ಕೆ ಗಾಂಧೀಜಿಯವರ ಅಹಿಂಸಾತ್ಮಕ ಪ್ರತಿರೋಧದ ವಿಚಾರವೇ ಆಧಾರ: ಎದುರಿನವರನ್ನು ಬಗ್ಗಿಸಲು ಹೋಗದೆ, ತಪ್ಪಿಗೆ ನಾವು ಕೊಡುತ್ತಿರುವ ಸಹಕಾರವನ್ನು ಹಿಂತೆಗೆದುಕೊಳ್ಳುವುದು, ಪ್ರೀತಿಯನ್ನು ಹಿಂತೆಗೆದುಕೊಳ್ಳದಿರುವುದು. ಅದರಲ್ಲಿ ತಂದೆ ತಾಯಿ ಸೇರಿ ಒಂದು ಚಿಕ್ಕ ಪ್ರಕಟಣೆಯನ್ನು ಬರೆದು ಶಾಂತವಾದ ಹೊತ್ತಿನಲ್ಲಿ ಓದಿ ಹೇಳುತ್ತಾರೆ. ನೀವೂ ಹಾಗೆ ಮಾಡಬಹುದು. ಅಂಗಡಿ ಮುಚ್ಚಿದ ವಾರದ ರಜೆಯ ದಿನ, ಮನೆಯಲ್ಲಿ ಬೀಗರು ಬಿಜ್ಜರು ಯಾರೂ ಇಲ್ಲದಾಗ, ಅವನನ್ನು ಕೂರಿಸಿಕೊಂಡು, ನಿಮ್ಮಿಬ್ಬರ ಮಾತಾಗಿ ಇಂಥದೇನಾದರೂ ಹೇಳಿ: ‘ನಿನ್ನ ಮ್ಯಾಲೆ ನಮಗ ಜೀವ ಅದ. ಇಷ್ಟು ದಿನ ಬೈದ್ವಿ, ಆಮ್ಯಾಲೆ ಕೊಟ್ವಿ, ಅದರಿಂದ ನಿನಗೂ ಚಲೋ ಆಗ್ಲಿಲ್ಲ. ಮುಂದಿನ ಒಂದನೇ ತಾರೀಖಿನಿಂದ ನಾವು ಇಂಥಿಂಥಾದ್ದು ಕೊಡತೀವಿ, ಇಂಥಿಂಥಾದ್ದು ಕೊಡೂದಿಲ್ಲ.’ ಕಾಗದವನ್ನು ಅವನ ಕೈಗೆ ಕೊಡಿ. ವಾದಕ್ಕೆ ಇಳಿಯಬೇಡಿ, ಅಂದೇ ಒಪ್ಪಿಗೆಯನ್ನೂ ಕೇಳಬೇಡಿ. ಅವನಿಗೆ ಬದಲಾವಣೆ ಬೇಕೆನಿಸಿದರೆ ಬರೆದು ತರಲಿ, ಯೋಗ್ಯವಾದುದನ್ನು ಸೇರಿಸಿಕೊಳ್ಳಿ. ಮೊದಲ ಕೆಲವು ವಾರ ಪರಿಸ್ಥಿತಿ ಬಿಗಡಾಯಿಸಿದಂತೆಯೇ ಕಾಣುತ್ತದೆ: ಬಾಗಿಲು ಬಡಿಯುವುದು, ಊಟ ಬಿಡುವುದು, ‘ನಿಮಗ ನಾ ಬ್ಯಾಡಾಗೀನಿ’ ಎನ್ನುವುದು. ಆಗ ನಿಯಮ ಸಡಿಲಿಸಿದರೆ, ಜೋರು ಮಾಡಿದರೆ ಸಿಗುತ್ತದೆ ಎಂಬ ಪಾಠವನ್ನು ನೀವೇ ಕಲಿಸಿದಂತಾಗುತ್ತದೆ. ಆದರೆ ಜೀವಕ್ಕೆ ಅಪಾಯ ಮಾಡಿಕೊಳ್ಳುವ ಮಾತು ಬಂದರೆ ಅದನ್ನು ಹಟವೆಂದು ತಳ್ಳಿಹಾಕದೆ, ಅವನನ್ನು ಒಬ್ಬನೇ ಬಿಡದೆ, ಮೇಲೆ ಹೇಳಿದ ಸಹಾಯ ಪಡೆಯಿರಿ.

ಊಟ, ಔಷಧ, ಮಾತು, ಈ ಮೂರನ್ನು ಯಾವ ತಪ್ಪಿಗೂ ನಿಲ್ಲಿಸಬೇಡಿ. ರೊಟ್ಟಿ ಡಬ್ಬಿಯಲ್ಲಿರಲಿ, ಅವನೇ ಹಾಕಿಕೊಂಡು ಉಣ್ಣಲಿ. ಓಣಿಯವರ ಮುಂದೆ, ಅಕ್ಕ ಭಾವನ ಮುಂದೆ ಅವನ ಮಾನ ಕಳೆಯುವುದು ಶಿಕ್ಷೆಯಲ್ಲ, ಗಾಯ.

ಮನೆಯಿಂದ ಕಳುಹಿಸುವ ಪ್ರಶ್ನೆಗೆ ಬರುತ್ತೇನೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಪ್ರಕಾರ, ದೈಹಿಕ ಅಥವಾ ಮಾನಸಿಕ ಅಸಾಮರ್ಥ್ಯವಿಲ್ಲದ ಪ್ರಾಪ್ತವಯಸ್ಕ ಮಗನು ತಂದೆಯಿಂದ ಜೀವನಾಂಶ ಕೇಳಲಾಗುವುದಿಲ್ಲ. ತಂದೆ ತಾಯಿ ಸ್ವಂತ ದುಡಿಮೆಯಿಂದ ಮಾಡಿದ ಮನೆಯಲ್ಲಿ ಮಗನು ಅವರ ಒಪ್ಪಿಗೆಯಿಂದ ಮಾತ್ರ ಇರಬಹುದು, ಹಕ್ಕಿನಿಂದಲ್ಲ ಎಂದು ದೆಹಲಿ ಹೈಕೋರ್ಟ್ 2016ರಲ್ಲಿ ಹೇಳಿದೆ. ಆದರೆ ನವನಗರದ ಅನೇಕ ಮನೆಗಳು, ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಮುಳುಗಿದ ಹಳೆಯ ಬಾಗಲಕೋಟೆಯ ಹಿರಿಯರ ಮನೆಗಳಿಗೆ ಬದಲಾಗಿ ಸಿಕ್ಕ ನಿವೇಶನ ಮತ್ತು ಪರಿಹಾರದಿಂದ ಎದ್ದವು. ನಿಮ್ಮದೂ ಹಾಗಿದ್ದರೆ ಅದು ಪಿತ್ರಾರ್ಜಿತವೇ ಎಂಬ ಪ್ರಶ್ನೆ ಏಳುತ್ತದೆ, ಮಗನಿಗೆ ಅದರಲ್ಲಿ ಹಕ್ಕು ಇರಬಹುದು. ಕಾಗದಪತ್ರಗಳನ್ನು ವಕೀಲರಿಗೆ ತೋರಿಸದೆ ‘ನನ್ನ ಮನೆ’ ಎಂಬ ಮಾತನ್ನು ಆಯುಧ ಮಾಡಿಕೊಳ್ಳಬೇಡಿ. ಕಾನೂನು ಏನೇ ಇರಲಿ, ‘ಮನಿ ಬಿಟ್ಟು ನಡಿ’ ಎಂದು ಹೇಳಿ ನೀವೇ ಹೋಗಿ ಕರೆತಂದ ಮೇಲೆ ಆ ಬೆದರಿಕೆಯ ಬೆಲೆ ಮುಗಿದಿದೆ. ಅದನ್ನು ಮತ್ತೆ ಬಾಯಿಂದ ತೆಗೆಯಬೇಡಿ. ಅವನು ಬೇರೆ ಇರುವುದೇ ಎಲ್ಲರಿಗೂ ಹಿತವೆಂದು ಮುಂದೆ ಅನ್ನಿಸಿದರೆ, ಅದನ್ನು ಶಿಕ್ಷೆಯಾಗಿಸದೆ ಒಂದು ಯೋಜನೆಯಾಗಿಸಿ: ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ಒಂದು ಕೆಲಸ, ಮೊದಲ ಮೂರು ತಿಂಗಳ ಕೋಣೆಯ ಬಾಡಿಗೆ ನಿಮ್ಮದು, ನಾಲ್ಕನೆಯದರಿಂದ ಅವನದು. ಅವನಿಂದ ಹಿಂಸೆಯಾದೀತೆಂಬ ಭಯ ನಿಮಗಾಗುತ್ತಿದ್ದರೆ ಮಾತ್ರ ಈ ನಿಧಾನ ಸಲ್ಲದು. ಆಗ ಪೊಲೀಸರ ನೆರವಿಗಾಗಿ 112ಕ್ಕೆ ಕರೆ ಮಾಡಬೇಕು.

ಮದುವೆಯ ಸಲಹೆಯನ್ನು ದಯವಿಟ್ಟು ಒಪ್ಪಬೇಡಿ. ಸಾಲ, ಕುಡಿತ, ಸುಳ್ಳು ಇರುವ ಮನೆಗೆ ಒಂದು ಹೆಣ್ಣುಮಗುವನ್ನು ಔಷಧವೆಂದು ತರುವುದು ಅವಳಿಗೆ ಮಾಡುವ ಅನ್ಯಾಯ. ನಿಮ್ಮ ಮಗಳನ್ನು ಇಂಥ ಹುಡುಗನಿಗೆ ಕೊಡುತ್ತಿದ್ದಿರೇ ಎಂದು ಬೀಗರನ್ನೇ ಕೇಳಿ.

ಪ್ರಶ್ನೆ: ವಿಜಯಪುರದವಳು. ಮಗಳಿಗೆ 20 ವರ್ಷ, ಪದವಿ ಓದುತ್ತಿದ್ದಾಳೆ, ಮಗನಿಗೆ 19. ಮಗಳು ಸಂಜೆ ಏಳರೊಳಗೆ ಮನೆಯಲ್ಲಿರಬೇಕು, ತಡವಾದರೆ ಕಾಲೇಜು ಬಿಡಿಸುತ್ತೇನೆ ಎಂಬುದು ನನ್ನ ಯಜಮಾನರ ನಿಯಮ. ಮಗ ಹನ್ನೊಂದಕ್ಕೆ ಬಂದರೂ ಕೇಳುವವರಿಲ್ಲ. ಮಗಳು ಈಗ ಸುಳ್ಳು ಹೇಳತೊಡಗಿದ್ದಾಳೆ. ನಿಯಮ ತಪ್ಪೇ?
ಒಬ್ಬ ತಾಯಿ

ಉತ್ತರ: ಹೊತ್ತು ನಿಗದಿ ಮಾಡುವುದು ತಪ್ಪಲ್ಲ, ಒಬ್ಬಳಿಗೇ ಮಾಡುವುದು ತಪ್ಪು. ತಮ್ಮನಿಗಿಲ್ಲದ ನಿಯಮವನ್ನು ಅಕ್ಕ ತನ್ನ ಸುರಕ್ಷತೆಗಾಗಿ ಎಂದು ನಂಬುವುದಿಲ್ಲ, ಅಪನಂಬಿಕೆ ಎಂದೇ ತಿಳಿಯುತ್ತಾಳೆ, ಸುಳ್ಳು ಅಲ್ಲಿಂದ ಶುರುವಾಗುತ್ತದೆ. ಇಬ್ಬರಿಗೂ ಒಂದೇ ನಿಯಮವಿರಲಿ: ಎಲ್ಲಿಗೆ, ಯಾರೊಡನೆ, ಎಷ್ಟು ಹೊತ್ತಿಗೆ ಬರುವೆನೆಂದು ಹೇಳಿ ಹೋಗುವುದು, ತಡವಾಗುವುದಾದರೆ ಮೊದಲೇ ಫೋನ್ ಮಾಡುವುದು. ತಪ್ಪಿದರೆ ಮುಂದಿನ ವಾರದ ಹೊರಸಂಚಾರ ಇಬ್ಬರಿಗೂ ಒಂದೇ ರೀತಿ ಕಡಿಮೆಯಾಗಲಿ.

ಓದನ್ನು ಮಾತ್ರ ಎಂದೂ ಪಣಕ್ಕಿಡಬಾರದು. ಒಂದು ಸಂಜೆ ಅರ್ಧ ಗಂಟೆ ತಡವಾದುದಕ್ಕೆ ಇಡೀ ಬದುಕನ್ನು ದಂಡವಾಗಿ ತೆತ್ತರೆ ಅದು ಯಾವ ಲೆಕ್ಕಕ್ಕೂ ಹೊಂದುವುದಿಲ್ಲ. ಮಹಿಳೆಯರಿಗಾಗಿಯೇ ಒಂದು ವಿಶ್ವವಿದ್ಯಾಲಯವಿರುವ ಊರಿನಲ್ಲಿ ಈ ಬೆದರಿಕೆ ಕೇಳಿಬರುವುದು ನನಗೆ ನೋವು ತರುತ್ತದೆ. ಕಾನೂನನ್ನೂ ಯಜಮಾನರಿಗೆ ತಿಳಿಸಿ: 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಂ ಪ್ರಕಾರ, ಸ್ವಂತ ಆದಾಯದಿಂದ ಬದುಕಲಾರದ ಅವಿವಾಹಿತ ಮಗಳ ಪೋಷಣೆ 18 ತುಂಬಿದ ಮೇಲೂ ಹೆತ್ತವರ ಹೊಣೆ. ಅವರೊಡನೆ ನೀವೊಬ್ಬರೇ ಮಾತನಾಡುವುದು ಕಷ್ಟವಾದರೆ, ಅವರು ಗೌರವಿಸುವ ಹಿರಿಯರೊಬ್ಬರನ್ನು, ಅಥವಾ ಮಗಳ ಕಾಲೇಜಿನ ಅಧ್ಯಾಪಕಿಯೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಮಗಳ ಕಾಲೇಜಿನ ವೇಳಾಪಟ್ಟಿಯನ್ನೂ ಮನೆಗೆ ಬರುವ ಬಸ್ಸುಗಳ ಹೊತ್ತನ್ನೂ ಒಂದೇ ಹಾಳೆಯಲ್ಲಿ ಬರೆದು ಅವರ ಮುಂದಿಡಿ. ಏಳು ಗಂಟೆಯೊಳಗೆ ಬರಲು ಯಾವ ದಿನ ಸಾಧ್ಯ, ಯಾವ ದಿನ ಸಾಧ್ಯವೇ ಇಲ್ಲ ಎಂಬುದನ್ನು ಅವರೇ ನೋಡಲಿ.